ಕ್ಷೌರಕ್ಕೆ ಕದ್ದ ಹಾಡು

ಹಾಡಿನ ಮೇಡಂ ಅವರ ಬಲಗೈಯಲ್ಲಿ, ಮಣಿಕಟ್ಟಿನಿಂದ ಸ್ವಲ್ಪ ಮೇಲೆ, ಹಲ್ಲಿನ ಗುರುತಿತ್ತು. ಮೇಲೆ ನಾಲ್ಕು, ಕೆಳಗೆ ಮೂರು, ಎಣಿಸಬಹುದಾದಷ್ಟು ಸ್ಪಷ್ಟ. ಹಳೆಯ ಗಾಯ, ಒಣಗಿ ಸುತ್ತಲಿನ ಚರ್ಮಕ್ಕಿಂತ ಬೆಳ್ಳಗಾಗಿತ್ತು. ಮೊದಲ ಸಲ ಅವರ ಮನೆಗೆ ಹೋದಾಗ ನನ್ನ ಕಣ್ಣು ಅಲ್ಲೇ ನೆಟ್ಟಿದ್ದನ್ನು ನೋಡಿ ಅವರು ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿದರು.

"ನೋಡ್ಕೊಳ್ಳಮ್ಮ. ಇದೇ ನನ್ನ ಡಿಗ್ರಿ ಸರ್ಟಿಫಿಕೇಟು. ಫ್ರೇಮ್ ಹಾಕ್ಸಕ್ಕಾಗಲ್ಲ, ಅದಕ್ಕೆ ಹೀಗೇ ಇಟ್ಕೊಂಡಿದೀನಿ."

ಆ ಗುರುತಿನ ಕತೆ ಇಷ್ಟು. ಮದುವೆಯಾಗಿ ಜಯನಗರಕ್ಕೆ ಬಂದ ಮೇಲೆ ಅವರು ಅಕ್ಕಪಕ್ಕದ ಮನೆಗಳ ಹೆಣ್ಣುಮಕ್ಕಳಿಗೆ ಸಂಗೀತ ಪಾಠ ಹೇಳುತ್ತಿದ್ದರು. ಪಾಠಕ್ಕೆ ಬರುತ್ತಿದ್ದ ಒಬ್ಬಳ ತಮ್ಮ ಬಾಗಿಲ ಹತ್ತಿರ ಕೂತು ತೂಗಾಡುತ್ತಿದ್ದ. ಮಾತಿಲ್ಲ, ಕರೆದರೆ ತಿರುಗುವುದಿಲ್ಲ, ಆದರೆ ತೂಗಾಟ ಮಾತ್ರ ತಾಳಕ್ಕೆ ಸರಿಯಾಗಿತ್ತು. ಒಂದು ದಿನ ಇವರಿಗೆ ಖುಷಿ ತಡೆಯಲಾಗದೆ, ಅವನಿಂದಲೂ ತಾಳ ಹಾಕಿಸೋಣ ಅಂತ ಹೋಗಿ ಕೈ ಹಿಡಿದುಕೊಂಡರು. ಅವನು ಕಚ್ಚಿದ. "ಕೇಳ್ದೆ ಮುಟ್ಟಿದ್ದು ನಾನು. ಅವನಿಗೆ ಬೇಡ ಅನ್ನಕ್ಕೆ ಬಾಯಿ ಇರ್ಲಿಲ್ಲ, ಹಲ್ಲಿತ್ತು" ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಆಮೇಲೆ ಐವತ್ತು ದಾಟುವ ವಯಸ್ಸಿನಲ್ಲಿ ಚೆನ್ನೈಗೆ ಹೋಗಿ, ತಮ್ಮ ಅರ್ಧ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು ಮ್ಯೂಸಿಕ್ ಥೆರಪಿ ಕಲಿತು ಬಂದರು. ಆ ಹೆಸರು ನಮಗೆ ಯಾರಿಗೂ ಬಾಯಿಗೆ ಹತ್ತಲಿಲ್ಲ. ಅವರಲ್ಲಿಗೆ ಹೋಗುವವರೆಲ್ಲ ಹಾಡಿನ ಮೇಡಂ ಅಂತಲೇ ಕರೆಯುತ್ತಿದ್ದೆವು.

ನಾನು ಹೋದದ್ದು ನನ್ನ ತಮ್ಮನನ್ನು ಕರೆದುಕೊಂಡು. ನಮ್ಮದು ಉತ್ತರಹಳ್ಳಿಯ ಹಳೇ ಊರಿನ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಲೇಔಟು, ಅದರಲ್ಲೇ ಅಪ್ಪ ಕಟ್ಟಿಸಿದ ಮನೆ, ಮೇಲಿನ ಎರಡು ಅಂತಸ್ತಿಗೆ ಬಾಡಿಗೆಯವರು. ನಾನು ಚಿಕ್ಕಲಸಂದ್ರದ ಒಂದು ಸ್ಕೂಲಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮದುವೆ ಆಗಲಿಲ್ಲ. ಅದಕ್ಕೆ ತಮ್ಮನೇ ಕಾರಣ ಎಂದು ನೆಂಟರು ಹೇಳುತ್ತಾರೆ. ನನ್ನ ಬಾಯಿಯೇ ಕಾರಣ ಎಂದು ಅಪ್ಪ ಹೇಳುತ್ತಿದ್ದರು. ತಮ್ಮನಿಗೆ ಆಗ ಮೂವತ್ತಾರು ವರ್ಷ, ಮನೆಯಲ್ಲಿ ಪುಟ್ಟ. ಅವನಿಗೆ ಮಾತು ಬಂದಿಲ್ಲ. ಆಟಿಸಂ ಎನ್ನುವ ಹೆಸರು ನಮಗೆ ಗೊತ್ತಾಗುವ ಹೊತ್ತಿಗೆ ಅವನಿಗೆ ಮೀಸೆ ಮೂಡಿತ್ತು.

ಅಮ್ಮ ನಾವು ಚಿಕ್ಕವರಿದ್ದಾಗಲೇ ತೀರಿಹೋಗಿದ್ದಳು. ಪುಟ್ಟನ ಊಟ, ಸ್ನಾನ, ಕ್ಷೌರ ಎಲ್ಲ ಅಪ್ಪನ ಕೈಯಲ್ಲೇ ನಡೆಯುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಪುಟ್ಟ ಮಂಕಾದ. ಅಪ್ಪನ ಖಾಲಿ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಹೊತ್ತುಗಟ್ಟಲೆ ತೂಗಾಡುತ್ತಿದ್ದ. ಎರಡು ತುತ್ತು ತಿನ್ನಿಸುವಷ್ಟರಲ್ಲಿ ನನಗೆ ಸಾಕುಬೇಕಾಗುತ್ತಿತ್ತು. ನಮ್ಮ ಸ್ಕೂಲಿಗೆ ಬರುವ ಕೌನ್ಸೆಲರ್ ಒಬ್ಬರು ಮೇಡಂ ವಿಳಾಸ ಕೊಟ್ಟರು. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ನಮ್ಮದಾಯಿತು.

ಮೇಡಂ ಮನೆಯ ಮುಂದಿನ ಹಾಲೇ ಕ್ಲಾಸು. ಒಂದು ಚಾಪೆ, ಹಾರ್ಮೋನಿಯಂ, ಶ್ರುತಿಪೆಟ್ಟಿಗೆ, ಬೋರಲು ಹಾಕಿದ ಅಲ್ಯೂಮಿನಿಯಂ ಪಾತ್ರೆ, ಅಕ್ಕಿ ತುಂಬಿ ಮುಚ್ಚಳ ಬಿಗಿದ ಡಬ್ಬಿಗಳು. ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಕೂಡ ಇರಲಿಲ್ಲ. ಫ್ಯಾನಿನ ಗಾಳಿಗೆ ಅದು ಪಟಪಟ ಅಂದರೆ ಕೆಲವರಿಗೆ ಆಗುವುದಿಲ್ಲ ಎಂದು ತೆಗೆಸಿದ್ದರು. ನಾಲ್ಕು ವರ್ಷದ ಮಗುವಿನಿಂದ ಹಿಡಿದು, ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡ ರಿಟೈರ್ಡ್ ಯಜಮಾನರವರೆಗೆ ಎಲ್ಲರೂ ಆ ಚಾಪೆಯ ಮೇಲೆ ಕೂರುತ್ತಿದ್ದರು. ಕ್ಲಾಸಿನ ಹೊತ್ತಿಗೆ ಮೇಡಂ ಬಳೆ ತೆಗೆದಿಡುತ್ತಿದ್ದರು. ಸೀರೆ ಯಾವತ್ತೂ ಒಂದೇ ಬಣ್ಣದ್ದು, ಅದರ ಮೇಲೆ ಹೂವಿಲ್ಲ ಬಳ್ಳಿಯಿಲ್ಲ. ಮಲ್ಲಿಗೆ ಅಂದರೆ ಅವರಿಗೆ ಪ್ರಾಣ, ಆದರೆ ಆ ವಾಸನೆಗೆ ಕಂಗಾಲಾಗುವ ಮಕ್ಕಳಿದ್ದಾರೆ ಎಂದು ವಾರದಲ್ಲಿ ಆರು ದಿನ ಮುಡಿಯುತ್ತಿರಲಿಲ್ಲ. ಒಂದು ಭಾನುವಾರ ಮಾರ್ಕೆಟ್ ಹತ್ತಿರ ಎದುರಾದರು. ತಲೆತುಂಬ ಹೂವು. ನಾನು ನೋಡಿದ್ದಕ್ಕೆ ನಾಚಿಕೊಂಡು ನಕ್ಕರು. "ಇವತ್ತು ರಜ ಕಣೇ. ವಾರದ್ದೆಲ್ಲ ಒಟ್ಟಿಗೆ ಮುಡ್ಕೊಂಡ್ಬಿಟ್ಟಿದೀನಿ."

ಮೊದಲ ಮೂರು ಶನಿವಾರ ಅವರು ಏನೂ ಮಾಡಲಿಲ್ಲ. ಪುಟ್ಟ ಗೋಡೆಗೆ ಒರಗಿ ತೂಗಾಡುತ್ತ ಗುನುಗುತ್ತಿದ್ದ. ಮೇಡಂ ಐದಡಿ ದೂರದಲ್ಲಿ, ಅವನಿಗೆ ಅರ್ಧ ಬೆನ್ನು ತಿರುಗಿಸಿ, ಸುಮ್ಮನೆ ಕೂತಿರುತ್ತಿದ್ದರು. ನನಗೆ ಒಳಗೊಳಗೇ ಕುದಿಯುತ್ತಿತ್ತು. ಎರಡು ಬಸ್ಸು ಬದಲಾಯಿಸಿ, ಅವನನ್ನು ಸಂಭಾಳಿಸಿಕೊಂಡು, ಜನರ ಕಣ್ಣೆಲ್ಲ ತಪ್ಪಿಸಿಕೊಂಡು ಬಂದಿದ್ದು ಇವರ ಬೆನ್ನು ನೋಡುವುದಕ್ಕಾ? ಮೂರನೇ ವಾರ ಕೇಳಿಯೇಬಿಟ್ಟೆ.

"ಮೇಡಂ, ಏನೂ ಮಾಡ್ತಾನೇ ಇಲ್ವಲ್ಲ ನೀವು?"

"ಮಾಡ್ತಿದೀನಲ್ಲಮ್ಮ. ಕೇಳಿಸ್ಕೊತಿದೀನಿ. ಮೂವತ್ತಾರು ವರ್ಷದಿಂದ ನಿನ್ನ ತಮ್ಮ ಏನು ಗುನುಗ್ತಿದಾನೆ ಅಂತ ನಿಂಗೊತ್ತಾ?"

ಗೊತ್ತಿರಲಿಲ್ಲ. ಅದು ಒಂದು ಸದ್ದು ಅಂತ ಮಾತ್ರ ನನಗೆ ಗೊತ್ತಿತ್ತು, ಮಿಕ್ಸಿ ಸದ್ದು, ಮೋಟಾರ್ ಸದ್ದು ಇದ್ದ ಹಾಗೆ. ಮೇಡಂ ಮೆಲ್ಲಗೆ ಗುನುಗಿ ತೋರಿಸಿದರು. ಎರಡೇ ಸ್ವರ, ಒಂದು ಮೇಲೆ, ಒಂದು ಕೆಳಗೆ, ಮಧ್ಯೆ ಒಂದು ಉಸಿರಿನಷ್ಟು ಬಿಡುವು. "ನೋಡು, ಪ್ರತಿ ಸಲಾನೂ ಅದೇ ಬಿಡುವು. ಕರಾರುವಾಕ್ಕು. ಅವಸರ ಇರೋರು ಆಟೋ ಹಿಡೀಲಿ, ಇಲ್ಲಿ ನಮಗೆ ಅವಸರ ಇಲ್ಲ. ನೀನೂ ಸ್ವಲ್ಪ ಸುಮ್ನಿರೋದು ಕಲಿ."

ಸುಮ್ಮನಿರುವುದನ್ನು ನಾನು ಅವರಿಂದಲೇ ಕಲಿತೆ. ಬೇಡದ ಕಡೆಯೂ ಅದನ್ನು ಬಳಸಿದೆ, ಆ ಮಾತು ಮುಂದೆ ಬರುತ್ತದೆ.

ಆ ಎರಡು ಸ್ವರ ಇಟ್ಟುಕೊಂಡು ಅವರು ಪುಟ್ಟನಿಗೆ ಒಂದು ಹಾಡು ಕಟ್ಟಿದರು. ಅಲ್ಲಿಗೆ ಬರುವ ಪ್ರತಿಯೊಬ್ಬರಿಗೂ ಅವರದೇ ಒಂದು ಹಾಡು ಇರುತ್ತಿತ್ತು. ಒಬ್ಬರದು ಇನ್ನೊಬ್ಬರಿಗೆ ಇಲ್ಲ. ಬಾಗಿಲು ದಾಟಿ ಬಂದವರು ಮೊದಲು ಕೇಳುವುದು ಅದನ್ನೇ. ಪುಟ್ಟನ ಹಾಡು ಹೀಗಿತ್ತು: "ಬಂದ್ಯಾ ಪುಟ್ಟ, ಕೂತ್ಯಾ ಪುಟ್ಟ, ನಾನೂ ಬಂದೆ, ನಾನೂ ಕೂತೆ." ಇಷ್ಟೇ. ಮೇಡಂ ಕೊನೆಯ ಸ್ವರವನ್ನು ಹಾಡುತ್ತಿರಲಿಲ್ಲ. "ನಾನೂ ಕೂ" ಎಂದು ನಿಲ್ಲಿಸಿ ಕಾಯುತ್ತಿದ್ದರು. ಅವನು ಆ ಸ್ವರ ತುಂಬದಿದ್ದರೆ ಅವರು ಬೇಸರವಿಲ್ಲದೆ ಮತ್ತೆ ಮೊದಲಿಂದ ಶುರುಮಾಡುವರು. ಐದನೇ ತಿಂಗಳ ಒಂದು ಶನಿವಾರ ಅವರು ನಿಲ್ಲಿಸಿ ಕಾಯುತ್ತಿದ್ದಾಗ ಪುಟ್ಟ ತೂಗಾಟ ನಿಲ್ಲಿಸಿದ. ಕತ್ತು ಓರೆ ಮಾಡಿದ. "ಊಂ" ಅಂದ. ಸರಿಯಾಗಿ ಆ ಸ್ವರಕ್ಕೇ.

ನಾನು ಅಳುತ್ತ ಚಪ್ಪಾಳೆ ತಟ್ಟಲು ಹೋದೆ. ಮೇಡಂ ಕಣ್ಣಲ್ಲೇ ಗದರಿದರು. ಆಮೇಲೆ ಕಾಫಿ ಕೊಡುವಾಗ ಹೇಳಿದರು. "ತಟ್ಬೇಡಮ್ಮ. ಅವನೇನು ನಿಂಗೋಸ್ಕರ ಹಾಡ್ಲಿಲ್ಲ. ಅವನಿಗೆ ಬೇಕಿತ್ತು, ಹಾಡ್ದ."

ಅವತ್ತೇ ಅವರು ನನಗೆ ಒಂದು ನಿಯಮ ಹೇಳಿದ್ದು. "ಈ ಹಾಡು ಇಲ್ಲೇ ಇರಬೇಕು. ಮನೇಲಿ ಹಾಡ್ಬೇಡ, ಫೋನಿಗೆ ಹಾಕ್ಕೋಬೇಡ. ಊಟ ಮಾಡ್ಸಕ್ಕೆ, ಸ್ನಾನ ಮಾಡ್ಸಕ್ಕೆ ಬೇರೆ ಹಾಡು ಬೇಕಂದ್ರೆ ಕೇಳು, ಕಟ್ಕೊಡ್ತೀನಿ. ಇದು ಮಾತ್ರ ಯಾವ ಕೆಲಸಕ್ಕೂ ಅಲ್ಲ. ಹಾಡನ್ನ ಕೆಲಸಕ್ಕೆ ಹಚ್ಚಿದ್ರೆ ಅದಕ್ಕೆ ಆ ಕೆಲಸದ ವಾಸನೆ ಬಂದ್ಬಿಡತ್ತೆ."

ಆಯ್ತು ಮೇಡಂ ಎಂದು ತಲೆಯಾಡಿಸಿದೆ. ಕಾಫಿ ಚೆನ್ನಾಗಿತ್ತು, ಲೋಟ ತೊಳೆದಿಟ್ಟು ಬಂದೆ.

ಈಗ ಪುಟ್ಟನ ಗಡ್ಡದ ವಿಷಯ ಹೇಳಬೇಕು. ಅಪ್ಪ ಹೋದ ಮೇಲೆ ಅವನ ಮುಖ ಮುಟ್ಟುವವರಿರಲಿಲ್ಲ. ನಾನು ರೇಜರ್ ಹಿಡಿದು ಹತ್ತಿರ ಹೋದರೆ ಕೈ ತಿರುಚಿಬಿಡುತ್ತಿದ್ದ. ಟ್ರಿಮ್ಮರಿನ ಗುಂಯ್ ಸದ್ದಿಗೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ಮುಖ್ಯ ರಸ್ತೆಯ ಸೆಲೂನಿಗೆ ಒಮ್ಮೆ ಕರೆದುಕೊಂಡು ಹೋದೆ. ಅವನು ಒದ್ದ ಏಟಿಗೆ ಕನ್ನಡಿ ಮುಂದಿನ ಬಾಟಲಿಗಳೆಲ್ಲ ನೆಲಕ್ಕೆ ಬಿದ್ದವು. ಅಂಗಡಿಯವನು ಒಳ್ಳೆಯವನೇ. "ಅಕ್ಕ, ಬೇಜಾರ್ ಮಾಡ್ಕೋಬೇಡಿ, ಬೇರೆ ಗಿರಾಕಿಗಳು ಹೆದರ್ಕೊತಾರೆ" ಎಂದು ಕೈ ಮುಗಿದ. ಮಧ್ಯಾಹ್ನ ಪುಟ್ಟ ಮಲಗಿದ್ದಾಗ ಕತ್ತರಿ ಹಿಡಿದು ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸುತ್ತಿದ್ದೆ. ಎದ್ದಾಗ ಮುಖ ಮೇಕೆ ಮೇಯ್ದ ಬೇಲಿಯ ಹಾಗಿರುತ್ತಿತ್ತು. ಗಡ್ಡದಲ್ಲಿ ಅನ್ನ ಸಿಕ್ಕಿಕೊಂಡು, ಕೆರೆದು ಕೆರೆದು ಗಲ್ಲದ ಮೇಲೆ ಹುಣ್ಣಾಯಿತು.

ಅದೇ ಹೊತ್ತಿಗೆ ಅಂಜನಾಪುರದ ಕಲ್ಯಾಣಮಂಟಪದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಅಪ್ಪನ ತಿಥಿಗೆ ಬಂದಿದ್ದಾಗಲೇ ದೊಡ್ಡಪ್ಪ ಎಲ್ಲರ ಮುಂದೆ ಹೇಳಿದ್ದರು. "ಹೆಣ್ಣೆಂಗ್ಸು ನೀನು, ಬೆಳ್ದಿರೋ ಗಂಡ್ಸನ್ನ ಎಷ್ಟ್ ದಿನಾಂತ ಸುಧಾರಿಸ್ತೀಯ? ಎಲ್ಲಾದ್ರೂ ಒಳ್ಳೇ ಆಶ್ರಮ ನೋಡಿ ಸೇರಿಸ್ಬಿಡಾನ." ನೆಂಟರೆಲ್ಲ ಹೌದು ಹೌದು ಅಂದಿದ್ದರು. ಈ ಮುಖ ಇಟ್ಟುಕೊಂಡು ಪುಟ್ಟ ಮದುವೆಗೆ ಬಂದರೆ ಅವತ್ತೇ ತೀರ್ಮಾನ ಆಗುತ್ತದೆ ಅಂತ ನನಗೆ ಖಾತ್ರಿಯಿತ್ತು. ಬರದಿದ್ದರೂ ಅಷ್ಟೇ, ಕೂಡಿಹಾಕಿ ಬಂದಿದ್ದಾಳೆ ಅನ್ನುತ್ತಾರೆ.

ಮೇಡಂ ಹತ್ತಿರ ಕೇಳಿದೆ, ಸುಳ್ಳಲ್ಲ. ಮದುವೆ ಮಾತು ಎತ್ತಲಿಲ್ಲ. ಜಯನಗರದವರ ಮುಂದೆ ನಮ್ಮ ಮನೆ ಜಗಳ ಯಾಕೆ ಅನ್ನಿಸಿತು. ಬರೀ ಕ್ಷೌರಕ್ಕೆ ಏನಾದರೂ ದಾರಿ ಇದೆಯಾ ಅಂದೆ. ಅವರು ಖುಷಿಪಟ್ಟರು. "ಮಾಡೋಣ. ಅದಕ್ಕೆ ಅಂತಲೇ ಒಂದು ಹಾಡು ಮಾಡೋಣ. ಮೊದಲು ಬರೀ ಬ್ರಷ್ಷು, ಆಮೇಲೆ ನೊರೆ, ಆಮೇಲೆ ರೇಜರ್ರು. ಎರಡು ತಿಂಗಳು ಕೊಡು ನಂಗೆ." ಮದುವೆಗೆ ಹನ್ನೆರಡು ದಿನ ಉಳಿದಿತ್ತು.

ಮುಂದಿನ ಶನಿವಾರ ನಾನು ಫೋನಿನ ರೆಕಾರ್ಡರ್ ಹಚ್ಚಿ ಕೈಚೀಲದಲ್ಲಿಟ್ಟು, ಚೀಲವನ್ನು ಚಾಪೆಯ ಹತ್ತಿರಕ್ಕೆ ಸರಿಸಿ ಕೂತೆ. ತಪ್ಪು ಮಾಡುತ್ತಿದ್ದೇನೆ ಅಂತ ಅನ್ನಿಸಲೇ ಇಲ್ಲ. ನನ್ನ ತಮ್ಮನ ಹಾಡು ತಾನೇ, ನನಗಿಂತ ಇವರಿಗೆ ಹೆಚ್ಚು ಹಕ್ಕಿದೆಯಾ ಅಂದುಕೊಂಡೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಪುಟ್ಟನನ್ನು ಅಪ್ಪನ ಕುರ್ಚಿಯಲ್ಲಿ ಕೂರಿಸಿ ಹಾಡು ಹಾಕಿದೆ. ಅವನು ಮೊದಲು ಬಾಗಿಲ ಕಡೆ ನೋಡಿದ, ಮೇಡಂ ಬಂದರಾ ಅಂತ. ಆಮೇಲೆ ಕಣ್ಣು ಮುಚ್ಚಿದ. ನಾನು ಗಲ್ಲ ಎತ್ತಿದೆ, ಎತ್ತಿಸಿಕೊಂಡ. ನೊರೆ ಹಚ್ಚಿದೆ, ಹಚ್ಚಿಸಿಕೊಂಡ. "ನಾನೂ ಕೂ" ಎಂದು ಫೋನು ನಿಂತಾಗ ತುಟಿ ಮೇಲಿನ ನೊರೆ ಅಲುಗುವ ಹಾಗೆ "ಊಂ" ಅಂದ. ಹತ್ತು ಸಲ ಹಾಡು ಹಾಕುವಷ್ಟರಲ್ಲಿ ಕ್ಷೌರ ಮುಗಿಯಿತು. ಅಪ್ಪನ ಮುಖವೇ ಅವನಲ್ಲಿ ಕಂಡು ನಾನು ಅಡುಗೆಮನೆಗೆ ಹೋಗಿ ಅತ್ತೆ.

ಮದುವೆಯಲ್ಲಿ ಪುಟ್ಟ ಬಿಳಿ ಪಂಚೆ, ಬಿಳಿ ಶರ್ಟು ಹಾಕಿ ಮೊದಲ ಸಾಲಿನಲ್ಲಿ ಕೂತಿದ್ದ. ದೊಡ್ಡಪ್ಪ ಅವನ ಗಲ್ಲ ನೋಡಿ "ಪರವಾಗಿಲ್ಲ ಕಣವ್ವ, ಲಕ್ಷಣವಾಗಿ ಇಟ್ಕೊಂಡಿದೀಯ" ಅಂದರು. ಆಶ್ರಮದ ಮಾತು ಅಲ್ಲಿಗೆ ಬಿತ್ತು. ನಾನು ಗೆದ್ದೆ ಅಂದುಕೊಂಡು ಹೋಳಿಗೆ ಎರಡು ಹೆಚ್ಚಿಗೆ ತಿಂದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಆದರೆ ಇಷ್ಟು ಸಲೀಸಾದ ದಾರಿ ಸಿಕ್ಕ ಮೇಲೆ ಬಿಡುವವರು ಯಾರು? ಉಗುರು ತೆಗೆಯಲು ಹಾಡು ಹಾಕಿದೆ. ಕಿವಿಗೆ ಔಷಧಿ ಬಿಡಲು ಹಾಕಿದೆ. ಅದೇ ಹೊತ್ತಿಗೆ ಅವನ ದವಡೆ ಹಲ್ಲು ಹುಳುಕಾಗಿ ಕೆನ್ನೆ ಊದಿಕೊಂಡಿತು. ಕ್ಲಿನಿಕ್ಕಿನಲ್ಲಿ, ಹಲ್ಲು ಕೀಳುವ ಮುಂಚೆ ಬಾಯಿಗೆ ಸೂಜಿ ಚುಚ್ಚಬೇಕು ಎಂದು ಡಾಕ್ಟರು ಹೇಳಿದಾಗ, ನಾನು ಫೋನನ್ನು ಅವನ ಕಿವಿಯ ಹತ್ತಿರ ಹಿಡಿದು ಹಾಡನ್ನು ಪೂರ್ತಿ ಜೋರು ಮಾಡಿದೆ. ಹಾಡು ಕೇಳಿ ಅವನು ನಂಬಿಕೊಂಡು ಕತ್ತು ಎತ್ತಿದ, ಬಾಯಿ ಬಿಟ್ಟ. ಸೂಜಿ ಚುಚ್ಚಿದರು. ಆಮೇಲೆ ಅವನ ಕೈಕಾಲು ಹಿಡಿಯಲು ನಾಲ್ಕು ಜನ ಬೇಕಾಯಿತು. ಅಷ್ಟು ಹೊತ್ತೂ ಮೇಡಂ ದನಿ ಅವನ ಕಿವಿಯಲ್ಲಿ "ಬಂದ್ಯಾ ಪುಟ್ಟ, ಕೂತ್ಯಾ ಪುಟ್ಟ" ಎನ್ನುತ್ತಲೇ ಇತ್ತು. ಅದನ್ನು ಆರಿಸಬೇಕು ಅಂತ ನನಗೆ ಹೊಳೆಯಲಿಲ್ಲ.

ಹಲ್ಲು ಕೀಳಿಸಿದೆವು ಎಂದಷ್ಟೇ ಮೇಡಂಗೆ ಫೋನಿನಲ್ಲಿ ಹೇಳಿ, ಎರಡು ವಾರ ಬಿಟ್ಟು, ಗಾಯ ಮಾಗಿದ ಮೇಲೆ, ಜಯನಗರಕ್ಕೆ ಹೋದೆವು. ಪುಟ್ಟ ಖುಷಿಯಾಗಿಯೇ ಚಪ್ಪಲಿ ಬಿಟ್ಟು ಒಳಗೆ ಓಡಿದ. ತನ್ನ ಜಾಗದಲ್ಲಿ ಕೂತ. ಮೇಡಂ ಅವನನ್ನು ನೋಡಿ ಮುಖ ಅರಳಿಸಿ "ಬಂದ್ಯಾ ಪುಟ್ಟ" ಎಂದು ಹಾಡು ಎತ್ತಿಕೊಂಡರು.

ಅವನು ಕತ್ತು ಮೇಲೆತ್ತಿದ. ಕಣ್ಣು ಬಿಗಿಯಾಗಿ ಮುಚ್ಚಿದ. ಬಾಯಿ ತೆರೆದ. ಮೈ ಗಡಗಡ ನಡುಗತೊಡಗಿತು. ಅವರು ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವನು ಕಿರುಚಿಕೊಂಡು ಎದ್ದು, ಹಾರ್ಮೋನಿಯಂ ಎಡವಿ ಬಿದ್ದು, ಗೋಡೆಗೆ ಹಣೆ ಚಚ್ಚಿಕೊಂಡ. ಮೇಡಂ ಹಾಡು ನಿಲ್ಲಿಸಿಬಿಟ್ಟರು. ಆ ಎತ್ತಿದ ಕತ್ತು ಏನು, ತೆರೆದ ಬಾಯಿ ಏನು ಎಂದು ಆ ಕೋಣೆಯಲ್ಲಿ ಗೊತ್ತಿದ್ದುದು ನನಗೊಬ್ಬಳಿಗೇ.

"ಹಲ್ಲಿನ ನೋವು ಇನ್ನೂ ಇದೆ ಅಂತ ಕಾಣತ್ತೆ" ಎಂದರು ಮೇಡಂ. ನಾನೂ ಹೌದು ಇರಬೇಕು ಅಂದೆ. ಮುಂದಿನ ವಾರವೂ ಹಾಗೇ ಆಯಿತು, ಅದರ ಮುಂದಿನ ವಾರವೂ. ಪಾತ್ರೆ ಬಡಿದರೆ ಅವನಿಗೆ ಏನೂ ಆಗುತ್ತಿರಲಿಲ್ಲ, ಡಬ್ಬಿ ಅಲ್ಲಾಡಿಸಿದರೆ ಕೈ ಚಾಚುತ್ತಿದ್ದ. ಆ ಹಾಡು ಶುರುವಾದರೆ ಮಾತ್ರ ಕತ್ತು ಮೇಲೇಳುತ್ತಿತ್ತು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು.

"ಮನೇಲಿ ಈ ಹಾಡೇನಾದ್ರೂ ಅವನ ಕಿವಿಗೆ ಬಿತ್ತಾ? ನೀನೆಲ್ಲಾದ್ರೂ ಹಾಡಿದ್ಯಾ?"

"ಅಯ್ಯೋ, ನಂಗೆಲ್ಲಿ ಹಾಡಕ್ ಬರತ್ತೆ ಮೇಡಂ" ಎಂದು ನಕ್ಕೆ.

ಹಾಡಲು ಬರುವುದಿಲ್ಲ ಎನ್ನುವುದು ನಿಜ. ಆ ನಿಜದ ಹಿಂದೆ ಅವಿತುಕೊಂಡೆ. ಅವರು ನಂಬಿದರು, ಅನುಮಾನ ಅವರ ಸ್ವಭಾವದಲ್ಲೇ ಇರಲಿಲ್ಲ. "ಕತ್ತು ಯಾಕೆ ಹಂಗೆ ಎತ್ತುತಾನೆ, ಹೊಳೀತಾ ಇಲ್ಲ ನಂಗೆ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಹೇಳಿದರೆ ನಮ್ಮನ್ನು ಆಚೆಗೆ ಹಾಕುತ್ತಾರೆ, ಪುಟ್ಟನಿಗೆ ಇದ್ದ ಒಂದು ಜಾಗವೂ ಹೋಗುತ್ತದೆ ಅಂತ ನನ್ನ ಹೆದರಿಕೆ. ಈಗ ಯೋಚಿಸಿದರೆ ಅವರು ಹಾಗೆ ಮಾಡುವವರಲ್ಲ. ನಾಲ್ಕು ಮಾತು ಬೈದು, ಕಾಫಿ ಕೊಟ್ಟು, ಹೊಸ ಹಾಡಿಗೆ ಕೂತುಬಿಡುತ್ತಿದ್ದರು. ನಾನು ಹೆದರಿದ್ದು ಆ ನಾಲ್ಕು ಮಾತಿಗೇ ಇರಬೇಕು.

ಆಮೇಲೆ ಅವರು ತಪ್ಪು ಹುಡುಕಲು ಕೂತರು, ತಮ್ಮಲ್ಲೇ. ನೆಗಡಿಯಾಗಿದ್ದಾಗ ಹಾರ್ಮೋನಿಯಂ ಮೇಲೆ ಶ್ರುತಿಯನ್ನು ಒಂದು ಮನೆ ಕೆಳಗಿಳಿಸಿದ್ದೆ, ಅದಕ್ಕೇ ಇರಬೇಕು ಅಂದರು. ಮತ್ತೆ ಏರಿಸಿ ಹಾಡಿದರು. ಹಾರ್ಮೋನಿಯಂ ತೀರಾ ಹತ್ತಿರ ತಂದೆನೇನೋ ಎಂದು ದೂರ ಇಟ್ಟರು. ನಿಧಾನ ಮಾಡಿ ನೋಡಿದರು, ಬರೀ ಗುನುಗಿ ನೋಡಿದರು. ಚೆನ್ನೈಯ ತಮ್ಮ ಗುರುಗಳಿಗೆ ಫೋನ್ ಮಾಡಿ ಗಂಟೆಗಟ್ಟಲೆ ಕೇಳಿದರು. ಪ್ರತಿ ಶನಿವಾರ ಒಂದು ಹೊಸ ಕಾರಣ ಹುಡುಕಿಟ್ಟುಕೊಂಡು ನನಗಾಗಿ ಕಾಯುತ್ತಿದ್ದರು. ನಾನು ಪ್ರತಿ ಶನಿವಾರ ಇರಬಹುದು ಮೇಡಂ ಎನ್ನುತ್ತಿದ್ದೆ.

ಒಂದು ದಿನ ಅವರು ಪುಟ್ಟನ ಎದುರು, ಅವನಿಂದ ಐದಡಿ ಬಿಟ್ಟು, ನೆಲದ ಮೇಲೆ ಕೂತರು. ಹಾಡಲಿಲ್ಲ. ಅವನು ಪಾತ್ರೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ.

"ಕೊನೇ ಸ್ವರಕ್ಕೆ ನಿನ್ನ ತುಂಬಾ ಕಾಯಿಸ್ಬಿಟ್ಟೆ ಅಂತ ಕಾಣತ್ತೆ ಪುಟ್ಟ. ನಿಂಗೆ ಪರೀಕ್ಷೆ ಥರ ಅನ್ನಿಸ್ತೇನೋ. ನಿಂದು ಅಂತ ಇದ್ದಿದ್ದು ಅದೊಂದೇ, ಅದನ್ನೂ ನಾನೇ ಹಾಳ್ ಮಾಡ್ದೆ. ತಪ್ಪಾಯ್ತಪ್ಪ."

ಅರವತ್ತೈದು ದಾಟಿದ ಹೆಂಗಸು, ನರೆತ ತಲೆ ಬಗ್ಗಿಸಿ ನನ್ನ ತಮ್ಮನ ಹತ್ತಿರ ಕ್ಷಮೆ ಕೇಳುತ್ತಿದ್ದರು. ನಾನು ಬಾಗಿಲ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದೆ. ಫೋನು ನನ್ನ ಚೀಲದಲ್ಲೇ ಇತ್ತು, ಹಾಡು ಅದರಲ್ಲೇ ಇತ್ತು. ಎರಡು ಹೆಜ್ಜೆ ಮುಂದೆ ಇಟ್ಟು ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಊರಿಗೆಲ್ಲ ಬಾಯಿ ಜೋರಿನವಳು ಎಂದು ಹೆಸರಾದವಳು ನಾನು. ಅವತ್ತು ಕಾಫಿ ಕುಡಿದು ಮುಗಿಸಿದೆ.

ಅದಾದ ಮೇಲೆ ನನಗೆ ಅಲ್ಲಿಗೆ ಹೋಗಲಾಗಲಿಲ್ಲ. ಸ್ಕೂಲಿನಲ್ಲಿ ಶನಿವಾರವೂ ಡ್ಯೂಟಿ ಹಾಕಿದ್ದಾರೆ ಎಂದು ಇನ್ನೊಂದು ಸುಳ್ಳು ಹೇಳಿ ಪುಟ್ಟನಿಗೆ ಕ್ಲಾಸು ಬಿಡಿಸಿದೆ. ಮೇಡಂ ಎರಡು ಸಲ ಫೋನ್ ಮಾಡಿದ್ದರು. ಎರಡನೇ ಸಲ ಇಡುವ ಮುಂಚೆ "ನನ್ನ ಮೇಲೆ ಬೇಜಾರು ಇಟ್ಕೋಬೇಡ ಕಣಮ್ಮ" ಅಂದರು. ಛೆ ಛೆ, ಹಾಗೇನಿಲ್ಲ ಮೇಡಂ ಅಂದೆ. ಫೋನಿಟ್ಟ ಮೇಲೆ ಆ ರೆಕಾರ್ಡಿಂಗನ್ನು ಅಳಿಸಿಹಾಕಿದೆ.

ಪುಟ್ಟನಿಗೆ ಈಗ ನಾನೇ ಕ್ಷೌರ ಮಾಡುತ್ತೇನೆ. ಹಾಡಿಲ್ಲ. ಮೊದಲು ಕೆಲವು ದಿನ ಬರೀ ಬ್ರಷ್ಷನ್ನು ಅವನ ಕೈಗೆ ಕೊಟ್ಟು ಸುಮ್ಮನೆ ಕೂತೆ. ಆಮೇಲೆ ನೊರೆ ಮಾಡಿ ನನ್ನ ಕೆನ್ನೆಗೆ ಹಚ್ಚಿಕೊಂಡು ತೋರಿಸಿದೆ. ಆಮೇಲೆ ದಿನಕ್ಕೊಂದು ಕೆನ್ನೆ. ಎಲ್ಲ ಸೇರಿ ಎರಡು ತಿಂಗಳು ಹಿಡಿಯಿತು. ಮೇಡಂ ಕೇಳಿದ್ದೂ ಅಷ್ಟನ್ನೇ. ಈಗ ಅವನು ಜಗಳವಿಲ್ಲದೆ ಕೂರುತ್ತಾನೆ, ಊಟವೂ ಸರಿಯಾಗಿದೆ. ಗುನುಗುವುದನ್ನು ಮಾತ್ರ ಬಿಟ್ಟಿದ್ದಾನೆ.

ಹೋದ ವರ್ಷ ಮೇಡಂ ತೀರಿಕೊಂಡರು. ಅವರಲ್ಲಿಗೆ ಬರುತ್ತಿದ್ದವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ವೈಕುಂಠ ಸಮಾರಾಧನೆಗೆ ಎಲ್ಲರನ್ನೂ ಕರೆದಿದ್ದರು. ಪಕ್ಕದ ಮನೆಯವರ ಹತ್ತಿರ ಪುಟ್ಟನನ್ನು ಬಿಟ್ಟು ನಾನೊಬ್ಬಳೇ ಹೋದೆ. ಹಾಲಿನಲ್ಲಿ ಅವರ ಫೋಟೋಗೆ ಮಲ್ಲಿಗೆ ಹಾಕಿದ್ದರು. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಕೂತಿದ್ದಳು. ಅವಳ ತಾಯಿ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದರು, ನಾನೂ ಅಲ್ಲೇ ಕೂತೆ. ಹುಡುಗಿ ಗುನುಗುತ್ತಿದ್ದಳು. ಮೂರು ಸ್ವರ, ಒಂದು ಬಿಡುವು, ಮತ್ತೆ ಮೂರು ಸ್ವರ.

"ಎರಡು ವರ್ಷದಿಂದ ಬರ್ತಿದೀವಿ ಅಕ್ಕ" ಎಂದರು ಆ ತಾಯಿ. "ಇವಳದು ದಿನವಿಡೀ ಇದೇ. ಮೊದಲೆಲ್ಲ ಮೇಡಂ ಪ್ರತಿಯೊಬ್ಬರಿಗೂ ಒಂದೊಂದು ಹಾಡು ಕಟ್ಕೊಡ್ತಿದ್ರಂತಲ್ಲ? ನಾವು ಬರೋ ಹೊತ್ತಿಗೆ ನಿಲ್ಲಿಸ್ಬಿಟ್ಟಿದ್ರು. ಡಬ್ಬಿ, ಪಾತ್ರೆ, ಎಲ್ಲರಿಗೂ ಒಂದೇ ಥರ ಹಾಡು. ಇವಳ ಮುಂದೆ ಕೂತು ಕೇಳಿಸ್ಕೊಂಡು, ಕೇಳಿಸ್ಕೊಂಡು, ಒಂದೊಂದ್ ಸಲ ಹಾಡಕ್ಕೆ ಬಾಯಿ ತೆಗೆಯೋರು. ಹಂಗೇ ಮುಚ್ಚಿಬಿಡೋರು. ನಾನು ಕೇಳೇಬಿಟ್ಟೆ ಒಂದಿನ, ಇವಳಿಗೂ ಒಂದು ಕಟ್ಟಿ ಮೇಡಂ ಅಂತ."

"ಏನಂದ್ರು?"

"ಒಬ್ಬನಿಗೆ ಕಟ್ಟಿದ್ದೆ, ಆ ಹಾಡೇ ಅವನಿಗೆ ನೋವು ಮಾಡ್ತು. ಯಾಕೆ ಅಂತ ನಂಗೆ ಕೊನೇವರೆಗೂ ಗೊತ್ತಾಗ್ಲಿಲ್ಲ. ಗೊತ್ತಾಗದೆ ಇನ್ನೊಂದು ಮಗು ಮೇಲೆ ಹೇಗಮ್ಮ ಪ್ರಯೋಗ ಮಾಡ್ಲಿ ಅಂದ್ರು. ಕಣ್ಣಲ್ಲಿ ನೀರು ಬಂದ್ಬಿಡ್ತು ಅವರಿಗೆ." ಆಕೆ ಮೇಜಿನ ಕೆಳಗೆ ಬಗ್ಗಿ ಮಗಳ ಫ್ರಾಕ್ ಸರಿಮಾಡಿದರು. "ಅದು ಯಾರ ಮನೆ ಹುಡುಗನೋ ಪಾಪ. ನೀವು ಹಳಬರಲ್ವಾ, ನಿಮಗೇನಾದ್ರೂ ಗೊತ್ತಾ ಅಕ್ಕ?"

"ಗೊತ್ತಿಲ್ಲಮ್ಮ" ಅಂದೆ.

ಊಟಕ್ಕೆ ನಿಲ್ಲದೆ ಎದ್ದು ಬಂದೆ. ಗೇಟಿನ ಹತ್ತಿರ ನಿಂತು ವಾಪಸ್ ಹೋಗಿ ಹೇಳಿಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಖಾಲಿ ಆಟೋ ಬಂತು, ಹತ್ತಿದೆ.

ಆ ತಾಯಿಯ ಹೆಸರು ಕೂಡ ನಾನು ಕೇಳಲಿಲ್ಲ. ಅವರು ಇದನ್ನು ಓದಿದರೆ ಇಷ್ಟು ತಿಳಿಯಲಿ. ಆ ಹುಡುಗ ನನ್ನ ತಮ್ಮ. ಮೇಡಂ ಕಟ್ಟಿದ ಹಾಡಿನಲ್ಲಿ ಯಾವ ತಪ್ಪೂ ಇರಲಿಲ್ಲ, ಅದನ್ನು ಕದ್ದು ಸೂಜಿಗೆ ಕಟ್ಟಿದವಳು ನಾನು. ಮೇಡಂ ಬದುಕಿದ್ದಾಗ ನಾನು ಒಂದು ಮಾತು ಹೇಳಿದ್ದರೆ, ನಿಮ್ಮ ಮಗಳ ಆ ಮೂರು ಸ್ವರಕ್ಕೆ ಅವರು ಬಾಯಿ ಮುಚ್ಚುತ್ತಿರಲಿಲ್ಲ.